ಬುಟ್ಟಿಗೆ ಬೀಳದ ಚುಕ್ಕೆಮೀನು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗದಲ್ಲಿ ಬೆಲ್‌ಫಾಂಟ್ ಎಂಬ ಊರಿದೆ. ಅದರ ಉದ್ಯಾನದ ಮಗ್ಗುಲಲ್ಲೇ ಸ್ಪ್ರಿಂಗ್ ಕ್ರೀಕ್ ಹೊಳೆ ಹರಿಯುತ್ತದೆ. ಸುಣ್ಣಕಲ್ಲಿನ ಬಿರುಕುಗಳಿಂದ ಉಕ್ಕುವ ಬುಗ್ಗೆಗಳೇ ಇದರ ಜೀವ. ನಡುಬೇಸಿಗೆಯಲ್ಲೂ ನೀರು ತಣ್ಣಗೆ ಕೊರೆಯುತ್ತದೆ. ತಳದ ನೀರ್ಗಿಡಗಳ ಜೊಂಪೆಗಳು ಹರಿವಿನತ್ತ ಬಾಗಿ ತೂಗುತ್ತಿರುತ್ತವೆ. ಅವುಗಳ ನಡುವಿನ ಜಲ್ಲಿಯ ಮೇಲೆ ಕಣ್ಣು ನೆಟ್ಟರೆ ಮೊದಲು ಕಾಣುವುದು ನೆರಳು. ಆಮೇಲೆ ಮೀನು: ಬೆಣ್ಣೆಬಣ್ಣದ ಹೊಟ್ಟೆ, ಮೈತುಂಬ ಕಪ್ಪು ಚುಕ್ಕೆ, ನಡುನಡುವೆ ಕೆಂಪು. ಇದೇ ಬ್ರೌನ್ ಟ್ರೌಟ್. ಇದರ ಪೂರ್ವಜರು 1880ರ ದಶಕದಲ್ಲಿ ಯುರೋಪಿನಿಂದ ಬಂದವರು. ಇದು ಮಾತ್ರ ಈ ಹೊಳೆಯಲ್ಲೇ ಹುಟ್ಟಿದ್ದು.

ಮೇ ತಿಂಗಳ ಸಂಜೆ ಹಳದಿ ರೆಕ್ಕೆಯ ಪುಟ್ಟ ಹುಳುಗಳು ನೀರಿನಿಂದ ಏಳುತ್ತವೆ. ಟ್ರೌಟ್‌ಗಳು ಮೇಲೆದ್ದು ಅವನ್ನು ಕಬಳಿಸುತ್ತವೆ. ನೀರ ಮೇಲೆ ಬಳೆ ಬಳೆ ಅಲೆ. ಮೊಣಕಾಲುದ್ದ ನೀರಲ್ಲಿ ನಿಂತ ಗಾಳಗಾರ, ಗರಿ ಸುತ್ತಿದ ಹುಸಿಹುಳವನ್ನು ಹಗುರಾಗಿ ಇಳಿಬಿಡುತ್ತಾನೆ. ಗಾಳದ ಕೋಲು ಬಾಗುತ್ತದೆ. ಮೀನು ಕೈಗೆ ಬರುತ್ತದೆ. ಒದ್ದೆಗೈಯಲ್ಲೇ ಕೊಕ್ಕೆ ಬಿಡಿಸಿ, ಅದನ್ನು ನೀರಿಗೆ ಮರಳಿಸುತ್ತಾನೆ.

ಹಿಂದೆ ಹೀಗಿರಲಿಲ್ಲ. ಇದೇ ಹೊಳೆಯ ದಂಡೆಯಲ್ಲಿ 1934ರಲ್ಲಿ 'ಫಿಶರ್‌ಮ್ಯಾನ್ಸ್ ಪ್ಯಾರಡೈಸ್' ಎಂಬ ಗಾಳದ ತಾಣ ತೆರೆದಾಗ ಜನ ಮುಗಿಬಿದ್ದರು. ಸಾಕಿದ ದೊಡ್ಡ ಮೀನುಗಳನ್ನು ತಂದು ಬಿಡುವುದು, ಜನ ಹಿಡಿದೊಯ್ಯುವುದು, ಮತ್ತೆ ತಂದು ಬಿಡುವುದು. ಹೊಳೆಯುದ್ದಕ್ಕೂ ಮೀನು ಒಯ್ಯುವುದು ನಿಂತದ್ದು ವಿಷದಿಂದಾಗಿ. ಕಾರ್ಖಾನೆಯೊಂದರ ಕೆಪೋನ್, ಮೈರೆಕ್ಸ್ ಎಂಬ ರಾಸಾಯನಿಕಗಳು ಮೀನಿನ ಮಾಂಸ ಸೇರಿದ್ದವು. 1982ರಲ್ಲಿ ಮೀನು ಒಯ್ಯುವುದನ್ನು ನಿಷೇಧಿಸಿದರು. ಹೊಳೆಯ ಬಹುಭಾಗಕ್ಕೆ ಸಾಕಿದ ಮೀನು ಬಿಡುವುದೂ ನಿಂತಿತು. ಬರಬರುತ್ತ ಹೊಳೆಯಲ್ಲಿ ಹುಟ್ಟಿದ ಟ್ರೌಟ್‌ಗಳೇ ಅದನ್ನು ತುಂಬಿಕೊಂಡವು. ಕೀರ್ತಿಯನ್ನೆಲ್ಲ ನಿಷೇಧಕ್ಕೇ ಕೊಡಲಾಗದು; ನೀರೂ ಶುದ್ಧವಾಗುತ್ತ ಬಂದಿತ್ತು.

ಉತ್ತರದ ಗುಡ್ಡಗಳಿಗೆ ಹತ್ತಿದರೆ ಚಿತ್ರವೇ ಬೇರೆ. ಕಾಡಿನ ನೆರಳಲ್ಲಿ, ಬಂಡೆಯಿಂದ ಬಂಡೆಗೆ ಜಿಗಿಯುವ ಸಣಕಲು ತೊರೆಗಳು. ಗೇಣುದ್ದ ಬೆಳೆದರೆ ಹೆಚ್ಚೆನ್ನುವ ಬ್ರೂಕ್ ಟ್ರೌಟ್, ಈ ನೆಲದ್ದೇ ಮೀನು. 2004ರಿಂದ ಇಂಥ ಕೆಲವು ತೊರೆಗಳಲ್ಲೂ ಅದನ್ನು ಒಯ್ಯದಂತೆ ತಡೆದು ನೋಡಿದರು. ಸಂಖ್ಯೆ ಎಣಿಸಿದಂತೆ ಏರಲಿಲ್ಲ. ಅಷ್ಟು ದೂರ ನಡೆದು ಬಂದು ಮೀನೊಯ್ಯುವವರೇ ವಿರಳ. ಅಲ್ಲಿ ಮೀನನ್ನು ಕೊಲ್ಲುವುದು ನೆರೆ, ಬರ, ನೀರನ್ನು ಹೆಪ್ಪುಗಟ್ಟಿಸುವ ಚಳಿ. ಹೆಚ್ಚಿನವು ಮೂರು ನಾಲ್ಕು ವರ್ಷವೂ ಬದುಕುವುದಿಲ್ಲ. ಒಂದೆರಡು ಗಾಳಕ್ಕೆ ಸಿಕ್ಕರೂ ಆ ಜಾಗಕ್ಕೆ ಬೇರೊಂದು ಬಂದು ನಿಲ್ಲುತ್ತದೆ.

ಜನ ಮುಗಿಬೀಳುವ ಹೊಳೆಯಲ್ಲಿ ಹಾಗಲ್ಲ. ಗಾಳಗಾರ ಆರಿಸಿ ಒಯ್ಯುವುದು ದೊಡ್ಡ ಮೀನನ್ನೇ. ಹೆಚ್ಚು ಮೊಟ್ಟೆ ಇಡುವುದೂ ದೊಡ್ಡ ಹೆಣ್ಣೇ. ಶರತ್ಕಾಲದಲ್ಲಿ ಅವಳು ಬಾಲದಿಂದ ಜಲ್ಲಿ ಬಗೆದು ಮೊಟ್ಟೆ ಹುದುಗಿಸದಿದ್ದರೆ ಮರಿಗಳೆಲ್ಲಿಂದ ಬಂದಾವು? ಎಲ್ಲ ತೊರೆಗಳಿಗೂ ಒಂದೇ ಕಾಯ್ದೆ ಹೊಂದದು. ಗುಡ್ಡದ ತೊರೆಗೆ ಬೇಕಾದದ್ದು ಮರಗಳ ನೆರಳು, ತಣ್ಣೀರು. ಸ್ಪ್ರಿಂಗ್ ಕ್ರೀಕಿನಂಥ ಹೊಳೆಯಲ್ಲಿ ಮಾತ್ರ, ಹಿಡಿದದ್ದನ್ನು ಬಿಟ್ಟುಬಿಡಿ.