ಕೊರಳಿಗೊಂದು ತಂಪು ಪಟ್ಟಿ

ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್–ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲಕ್ಕೆ ಹೋಗುವವರು, ಗೌಂಡಿಗಳು ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡೇ ಹೊರಡುತ್ತಾರೆ. ಆ ಝಳಕ್ಕೆ ಟವೆಲ್ ಬಹುಬೇಗ ಒಣಗುತ್ತದೆ. ಅದೇ ತಂಪನ್ನು ಗಂಟೆಗಟ್ಟಲೆ ಹಿಡಿದಿಡುವ ಪಟ್ಟಿಯನ್ನು ಹಳೆಯ ಕಾಟನ್ ಸೀರೆಯ ತುಂಡಿನಲ್ಲೇ ಹೊಲಿದುಕೊಳ್ಳಬಹುದು.

ಒಳಗೆ ತುಂಬುವುದು ಕುಂಡದ ಮಣ್ಣಿನಲ್ಲಿ ತೇವ ಉಳಿಯಲೆಂದು ಬೆರೆಸುವ ಪಾಲಿಮರ್ ಹರಳು, ಅಂದರೆ ಪೊಟ್ಯಾಸಿಯಂ ಪಾಲಿಅಕ್ರಿಲೇಟ್. ಪುಡಿ ಬೇಡ, ಬಟ್ಟೆಯಿಂದ ಲೋಳೆಯಾಗಿ ಜಿನುಗುತ್ತದೆ. ಸಕ್ಕರೆಯಷ್ಟು ದಪ್ಪದ ಹರಳೇ ಆಗಬೇಕು.

40 ಅಂಗುಲ ಉದ್ದ, 5 ಅಂಗುಲ ಅಗಲದ ಬಟ್ಟೆಯನ್ನು ಉದ್ದಕ್ಕೆ ಮಡಚಿ, ಉದ್ದದ ಅಂಚು ಮತ್ತು ಒಂದು ತುದಿಯನ್ನು ಹೊಲಿದು ಒಳಮಗ್ಗುಲು ಹೊರಗೆ ಬರುವಂತೆ ತಿರುವಿ. ಮುಚ್ಚಿದ ತುದಿಯಿಂದ 12 ಅಂಗುಲ ಬಿಟ್ಟು ಒಂದು ಅಡ್ಡ ಹೊಲಿಗೆ. ಎರಡು ಚಿಟಿಕೆ ಹರಳು ಸುರಿದು, 4 ಅಂಗುಲಕ್ಕೆ ಮತ್ತೊಂದು ಅಡ್ಡ ಹೊಲಿಗೆ. ಹೀಗೆ ನಾಲ್ಕು ಅರೆ. ಉಳಿದ ತುದಿ ಕಟ್ಟಿಕೊಳ್ಳಲು. ಎಲ್ಲರ ಕೈ ತಪ್ಪುವುದು ಹರಳಿನ ಅಳತೆಯಲ್ಲೇ. ಇಡೀ ಪಟ್ಟಿಗೆ ಅರ್ಧ ಟೀ ಚಮಚ ಸಾಕು. ಇಷ್ಟೇನಾ ಅನ್ನಿಸಿ ಇನ್ನೊಂದಿಷ್ಟು ಸುರಿದರೆ ನೆನೆದಾಗ ಉಬ್ಬಿ ಹೊಲಿಗೆಯೇ ಬಿಡುತ್ತದೆ.

ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಹರಳು ಚೆನ್ನಾಗಿ ಅರಳುವುದಿಲ್ಲ. ಫಿಲ್ಟರ್ ನೀರು ಒಳ್ಳೆಯದು. ಫ್ರಿಜ್ಜಿನ ಹಂಗೂ ಬೇಕಿಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗುವಾಗ ಹೀರುವುದು 80 ಕ್ಯಾಲರಿ ಶಾಖ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580. ಆ ಶಾಖದಲ್ಲಿ ಒಂದಿಷ್ಟು ಕೊರಳಿನಿಂದಲೇ ಹೋಗುವುದರಿಂದ ತಂಪೆನಿಸುತ್ತದೆ. ಹಾಗಾಗಿ ಇದು ಒಣ ಬಿಸಿಲಿನ ಊರಿಗೆ ಹೇಳಿಮಾಡಿಸಿದ್ದು. ಮಂಗಳೂರಿನ ಬೆವರು ಸೆಕೆಯಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ, ಪಟ್ಟಿಯ ನೀರು ಆರುವುದು ನಿಧಾನ. ಅಲ್ಲಿ ಫ್ಯಾನಿನ ಎದುರು ಕೂತರಷ್ಟೇ ಕೊಂಚ ಹಿತ.

ಸಂಜೆ ಬೆವರಿನ ಉಪ್ಪು ಹೋಗುವಂತೆ ಜಾಲಾಡಿಸಿ, ಗಾಳಿಗೆ ನೇತುಹಾಕಿ. ಬೇಸಿಗೆ ಮುಗಿದ ಮೇಲೆ ಪೂರ್ತಿ ಒಣಗಿಸಿದರೆ ಮತ್ತೆ ಹರಳಾಗುತ್ತದೆ, ಮುಂದಿನ ವರ್ಷಕ್ಕೂ ಬರುತ್ತದೆ. ಉಳಿದ ಹರಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ನುಂಗಿದರೆ ಹೊಟ್ಟೆಯೊಳಗೇ ಉಬ್ಬಿ ಕರುಳಿಗೆ ಅಡ್ಡವಾಗಬಹುದು.

ಬಿಸಿಲಲ್ಲಿ ದುಡಿಯುವವರಿಗೆ ಇಂಥದ್ದೊಂದು ಹೊಲಿದುಕೊಡಿ, ಜೊತೆಗೆ ಇದನ್ನೂ ಹೇಳಿ: ತಲೆ ಸುತ್ತಿ, ವಾಂತಿಯಾಗಿ, ಮಾತು ತೊದಲಿದರೆ ಪಟ್ಟಿಯನ್ನು ನಂಬಿ ಕೂರಬಾರದು. ನೆರಳಿಗೆ ಒಯ್ದು, ಮೈಗೆ ನೀರು ಹಾಕುತ್ತಾ ಆಸ್ಪತ್ರೆಗೆ ಹೊರಡಬೇಕು.