ಮೆಳ್ಳೆಗಣ್ಣಿಗೆ ಬೇಕು ಸಕಾಲದ ಚಿಕಿತ್ಸೆ

ಮೆಳ್ಳೆಗಣ್ಣಿನ ಮಗು ಮನೆಗೆ ಅದೃಷ್ಟ ತರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ತೊಟ್ಟಿಲ ಕೂಸಿನ ಒಂದು ಕಣ್ಣು ಮೂಗಿನತ್ತ ವಾಲಿದ್ದು ಕಂಡರೆ, 'ಬೆಳೆಯುತ್ತ ತಾನಾಗಿ ಸರಿಹೋಗುತ್ತದೆ, ಈಗಲೇ ಡಾಕ್ಟರ ಬಳಿ ಓಡಬೇಕಾಗಿಲ್ಲ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮಗು ಬೆಳೆಯುತ್ತದೆ, ಶಾಲೆ ಸೇರುತ್ತದೆ. ಅಲ್ಲಿ ಅದಕ್ಕೊಂದು ಅಡ್ಡಹೆಸರು ಅಂಟಿಕೊಳ್ಳುತ್ತದೆ. ಮುಂದೆ ಮದುವೆಯ ಮಾತು ಬಂದಾಗಲೋ ಕೆಲಸದ ಸಂದರ್ಶನ ಹತ್ತಿರವಾದಾಗಲೋ ಮನೆಯವರು ಕಣ್ಣಿನ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಆಗ ಅವರು ಕೇಳಬೇಕಾಗಿ ಬರುವ ಮಾತು ಇದು: ಕಣ್ಣನ್ನು ನೇರ ಮಾಡಬಹುದು, ಆದರೆ ಆ ಕಣ್ಣಿನ ದೃಷ್ಟಿಯನ್ನು ಪೂರ್ತಿಯಾಗಿ ಮರಳಿ ತರುವುದು ಕಷ್ಟ.

ಮೆಳ್ಳೆಗಣ್ಣು, ಮಾಲುಗಣ್ಣು, ಓರೆಗಣ್ಣು ಎಂದೆಲ್ಲ ಕರೆಸಿಕೊಳ್ಳುವ ಈ ತೊಂದರೆ ಅಪರೂಪದ್ದೇನಲ್ಲ. ನೂರು ಮಕ್ಕಳಲ್ಲಿ ಸುಮಾರು ಎರಡರಿಂದ ನಾಲ್ಕು ಮಕ್ಕಳಿಗೆ ಇದು ಇರುತ್ತದೆಂದು ಅಂದಾಜು. ಕಣ್ಣಿನ ಪೊರೆಯ ಆಪರೇಷನ್ ಎಂದರೆ ಹಳ್ಳಿಯ ಜನರಿಗೂ ಗೊತ್ತು. ಡಾ. ಎಂ. ಸಿ. ಮೋದಿ ಅವರು ಊರೂರಿನಲ್ಲಿ ನಡೆಸಿದ ಶಿಬಿರಗಳು ಆ ತಿಳಿವಳಿಕೆಯನ್ನು ಕನ್ನಡನಾಡಿನ ಮೂಲೆಮೂಲೆಗೆ ಒಯ್ದವು. ಮೆಳ್ಳೆಗಣ್ಣಿಗೆ ಅಂಥ ಭಾಗ್ಯ ಬರಲಿಲ್ಲ. ಅದಕ್ಕೂ ಶಸ್ತ್ರಚಿಕಿತ್ಸೆ ಉಂಟು, ಅದಕ್ಕೊಂದು ಸರಿಯಾದ ಕಾಲವೂ ಉಂಟು ಎಂಬುದು ಎಷ್ಟೋ ವಿದ್ಯಾವಂತ ತಂದೆ-ತಾಯಂದಿರಿಗೂ ತಿಳಿದಿಲ್ಲ.

ಆರು ಹಗ್ಗಗಳ ಗುಡ್ಡೆ

ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ವ್ಯಾಸದ ಚೆಂಡು. ಅದನ್ನು ತಿರುಗಿಸಲು ಪ್ರತಿ ಕಣ್ಣಿಗೂ ಆರು ಸ್ನಾಯುಗಳಿವೆ. ನಾಲ್ಕು ನೇರ ಸ್ನಾಯುಗಳು. ಇವು ಗುಡ್ಡೆಯನ್ನು ಮೇಲೆ, ಕೆಳಗೆ, ಒಳಗೆ, ಹೊರಗೆ ಎಳೆಯುತ್ತವೆ. ಇನ್ನೆರಡು ಓರೆ ಸ್ನಾಯುಗಳು. ಇವುಗಳ ಮುಖ್ಯ ಕೆಲಸ ಗುಡ್ಡೆಯನ್ನು ತಿರುಚುವುದು. ಇವುಗಳಲ್ಲೊಂದು, ಬಾವಿಯ ರಾಟೆಯ ಮೇಲೆ ಹಗ್ಗ ಹಾಯುವಂತೆ, ಮೂಗಿನ ಪಕ್ಕದ ಪುಟ್ಟ ರಾಟೆಯೊಂದರ ಮೂಲಕ ಹಾದು ಗುಡ್ಡೆಗೆ ಅಂಟಿಕೊಂಡಿದೆ. ಮಿದುಳಿನಿಂದ ಹೊರಡುವ ಮೂರು ನರಗಳು ಈ ಆರು ಸ್ನಾಯುಗಳಿಗೆ ಆಜ್ಞೆ ಕೊಡುತ್ತವೆ.

ನಾವು ಬಲಕ್ಕೆ ನೋಡಿದಾಗ ಬಲಗಣ್ಣಿನ ಹೊರಸ್ನಾಯು ಮತ್ತು ಎಡಗಣ್ಣಿನ ಒಳಸ್ನಾಯು ಒಂದೇ ಕ್ಷಣದಲ್ಲಿ, ಒಂದೇ ಪ್ರಮಾಣದಲ್ಲಿ ಎಳೆಯಬೇಕು. ಎರಡು ಕಣ್ಣುಗಳು ನೊಗಕ್ಕೆ ಕಟ್ಟಿದ ಜೋಡೆತ್ತುಗಳಿದ್ದಂತೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಬಂಡಿ ಏನಾದೀತು? ಮೆಳ್ಳೆಗಣ್ಣಿನಲ್ಲಿ ಆಗುವುದು ಅದೇ. ಒಂದು ಕಣ್ಣು ನೋಡಬೇಕಾದ ವಸ್ತುವಿನ ಮೇಲೆ ನಿಂತರೆ ಇನ್ನೊಂದು ಒಳಕ್ಕೋ ಹೊರಕ್ಕೋ ಮೇಲಕ್ಕೋ ಸರಿದಿರುತ್ತದೆ. ಬಹಳಷ್ಟು ಮಕ್ಕಳಲ್ಲಿ ಸ್ನಾಯುಗಳು ದುರ್ಬಲವಾಗಿರುವುದಿಲ್ಲ. ಎರಡು ಕಣ್ಣುಗಳನ್ನು ಜೊತೆಯಾಗಿ ನಡೆಸುವ ಮಿದುಳಿನ ಹತೋಟಿ ತಪ್ಪಿರುತ್ತದೆ.

ಮಿದುಳು ಮಾಡುವ ಮೋಸ

ಎರಡು ಕಣ್ಣು ಎರಡು ಕಡೆ ನೋಡಿದರೆ ಎಲ್ಲವೂ ಎರಡೆರಡಾಗಿ ಕಾಣಬೇಕಲ್ಲವೆ? ದೊಡ್ಡವರಿಗೆ ಹಠಾತ್ತಾಗಿ ಮೆಳ್ಳೆ ಬಂದರೆ ಹಾಗೆಯೇ ಆಗುತ್ತದೆ. ಆದರೆ ಪುಟ್ಟ ಮಗುವಿನ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಗೊಂದಲ ತಪ್ಪಿಸಿಕೊಳ್ಳಲು ಅದು ಓರೆಯಾದ ಕಣ್ಣಿನಿಂದ ಬರುವ ಚಿತ್ರವನ್ನೇ ಕಡೆಗಣಿಸುತ್ತದೆ. ಮಗುವಿಗೆ ನೋವಿಲ್ಲ, ದೂರಿಲ್ಲ. ಆದರೆ ಬಳಕೆಯಿಲ್ಲದ ಕಣ್ಣು ದಿನೇ ದಿನೇ ಹಿಂದೆ ಬೀಳುತ್ತದೆ. ಇದನ್ನೇ 'ಸೋಮಾರಿ ಕಣ್ಣು' ಎನ್ನುವುದು. ಕಣ್ಣಿನ ಒಳಭಾಗದಲ್ಲಿ ಯಾವ ದೋಷವೂ ಇಲ್ಲದಿದ್ದರೂ ದೃಷ್ಟಿ ಮಂದವಾಗುತ್ತದೆ, ಕನ್ನಡಕ ಹಾಕಿದರೂ ಸ್ಪಷ್ಟವಾಗುವುದಿಲ್ಲ. ಎರಡೂ ಕಣ್ಣು ಸೇರಿ ಅಳೆಯುವ ಆಳ-ದೂರದ ಅರಿವೂ ಬೆಳೆಯುವುದಿಲ್ಲ.

ಇದಕ್ಕೆ ವಿಜ್ಞಾನದ ಆಧಾರ ಒದಗಿಸಿದವರು ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್. 1960ರ ದಶಕದಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟು ಪರೀಕ್ಷಿಸಿದರು. ಆಮೇಲೆ ಆ ಕಣ್ಣನ್ನು ತೆರೆದರೂ ಮಿದುಳಿನ ದೃಷ್ಟಿಕೇಂದ್ರದ ಜೀವಕೋಶಗಳಲ್ಲಿ ಬಹುಪಾಲು ಅದಕ್ಕೆ ಸ್ಪಂದಿಸಲಿಲ್ಲ. ಬೆಳೆದ ಬೆಕ್ಕಿನಲ್ಲಿ ಹೀಗೆ ಮಾಡಿದರೆ ಅಂಥ ಹಾನಿ ಕಾಣಲಿಲ್ಲ. ನೋಡುವುದನ್ನು ಮಿದುಳು ಕಲಿಯಲು ಒಂದು ಎಳೆಯ ಕಾಲ ಇದೆ, ಅದು ಕಳೆದರೆ ಕಲಿಕೆ ಕಷ್ಟ ಎಂಬುದು ಇದರಿಂದ ಸ್ಪಷ್ಟವಾಯಿತು. 1981ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಕಪಟ ವೈದ್ಯನಿಂದ ಕತ್ತರಿಯವರೆಗೆ

ಮೆಳ್ಳೆಗಣ್ಣಿನ ಚಿಕಿತ್ಸೆಯ ಇತಿಹಾಸ ಸ್ವಾರಸ್ಯಕರವಾಗಿದೆ. 18ನೇ ಶತಮಾನದಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ವೈದ್ಯ ಯೂರೋಪಿನ ಊರೂರು ಸುತ್ತುತ್ತ ಮೆಳ್ಳೆಗಣ್ಣನ್ನು ಕ್ಷಣದಲ್ಲಿ ಸರಿಪಡಿಸುವುದಾಗಿ ಡಂಗುರ ಹೊಡೆಸುತ್ತಿದ್ದ. ಸಮಕಾಲೀನರು ಬರೆದಿಟ್ಟಂತೆ, ಓರೆಗಣ್ಣಿನ ಮೇಲ್ಪೊರೆಯಲ್ಲಿ ಚಿಕ್ಕದೊಂದು ಗಾಯ ಮಾಡಿ ಒಳ್ಳೆಯ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದ. ಒಳ್ಳೆಯ ಕಣ್ಣು ಮುಚ್ಚಿದರೆ ನೋಡುವ ಸಲುವಾಗಿ ಓರೆಗಣ್ಣು ತಾನಾಗಿ ನೇರಕ್ಕೆ ಬರುತ್ತದೆ. ಜನ ಪವಾಡವೆಂದು ಕೊಂಡಾಡುತ್ತಿದ್ದರು. ಬಟ್ಟೆ ಬಿಚ್ಚುವ ಹೊತ್ತಿಗೆ ವೈದ್ಯ ಮಹಾಶಯ ಊರು ಬಿಟ್ಟಿರುತ್ತಿದ್ದ! ಮಹಾನ್ ಸಂಗೀತಗಾರ ಬಾಕ್‌ನ ಕಣ್ಣಿಗೆ 1750ರಲ್ಲಿ ಶಸ್ತ್ರಚಿಕಿತ್ಸೆ ಮಾಡಿದವನೂ ಇವನೇ. ಬಾಕ್‌ಗೆ ದೃಷ್ಟಿ ಮರಳಲಿಲ್ಲ.

ನಿಜವಾದ ಶಸ್ತ್ರಚಿಕಿತ್ಸೆ ನಡೆದದ್ದು 1839ರ ಅಕ್ಟೋಬರ್‌ನಲ್ಲಿ, ಬರ್ಲಿನ್ನಿನಲ್ಲಿ. ಯೋಹಾನ್ ಡೀಫೆನ್‌ಬಾಕ್ ಎಂಬ ಶಸ್ತ್ರವೈದ್ಯ ಏಳು ವರ್ಷದ ಹುಡುಗನೊಬ್ಬನ ಕಣ್ಣಿನ ಒಳಸ್ನಾಯುವನ್ನು ಕತ್ತರಿಸಿ ಕಣ್ಣನ್ನು ನೇರಕ್ಕೆ ತಂದ. ಅರಿವಳಿಕೆ ಬಳಕೆಗೆ ಬರಲು ಇನ್ನೂ ಏಳು ವರ್ಷಗಳಿದ್ದವು. ಹುಡುಗ ಎಚ್ಚರವಾಗಿಯೇ ಇದ್ದ. ಆದರೆ ಸ್ನಾಯುವನ್ನು ಸುಮ್ಮನೆ ಕತ್ತರಿಸಿ ಬಿಟ್ಟರೆ ಅದು ಎಲ್ಲಿ ಅಂಟಿಕೊಳ್ಳುವುದೋ ಹೇಳಲಾಗದು. ಹೀಗೆ ಚಿಕಿತ್ಸೆ ಪಡೆದ ಎಷ್ಟೋ ಮಂದಿಯ ಕಣ್ಣು ಮುಂದೆ ವಿರುದ್ಧ ದಿಕ್ಕಿಗೆ ವಾಲಿತು. ಸ್ನಾಯುವನ್ನು ಬಿಡಿಸಿ, ಅಳತೆ ಮಾಡಿ, ಗೊತ್ತಾದ ಜಾಗದಲ್ಲೇ ಹೊಲಿಯುವ ಕ್ರಮ 20ನೇ ಶತಮಾನದಲ್ಲಿ ನೆಲೆಯೂರಿತು. ಇಂದಿನ ಶಸ್ತ್ರಚಿಕಿತ್ಸೆಯ ತಳಹದಿ ಅದೇ.

ಮೊದಲು ಕನ್ನಡಕ, ಪಟ್ಟಿ

ಮೆಳ್ಳೆಗಣ್ಣು ಎಂದ ಕೂಡಲೇ ಆಪರೇಷನ್ ಎಂದು ಗಾಬರಿಪಡಬೇಕಾಗಿಲ್ಲ. ಎರಡು-ಮೂರು ವರ್ಷದ ಹೊತ್ತಿಗೆ ಕಾಣಿಸಿಕೊಂಡು ಕಣ್ಣು ಒಳಕ್ಕೆ ವಾಲುವ ಒಂದು ಬಗೆಗೆ ಪ್ಲಸ್ ಪವರಿನ ದೋಷ ಕಾರಣ. ಸ್ಪಷ್ಟವಾಗಿ ನೋಡಲು ಮಗು ಕಣ್ಣಿಗೆ ಅತಿಯಾದ ಶ್ರಮ ಕೊಡುತ್ತದೆ, ಆ ಶ್ರಮವೇ ಕಣ್ಣನ್ನು ಮೂಗಿನತ್ತ ಎಳೆಯುತ್ತದೆ. ಇಂಥ ಮಕ್ಕಳಲ್ಲಿ ಹಲವರಿಗೆ ಸರಿಯಾದ ಕನ್ನಡಕವೇ ಸಂಪೂರ್ಣ ಚಿಕಿತ್ಸೆ. 'ಇಷ್ಟು ಚಿಕ್ಕ ಮಗುವಿಗೆ ಕನ್ನಡಕವೆ?' ಎಂದು ತೆಗೆದಿಡುವುದು ಮಗುವಿಗೆ ಮಾಡುವ ಅನ್ಯಾಯ.

ಸೋಮಾರಿ ಕಣ್ಣಿಗೆ ಔಷಧವೆಂದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಸೋಮಾರಿಯನ್ನು ದುಡಿಸುವುದು. ದಿನವಿಡೀ ಪಟ್ಟಿ ಹಾಕಬೇಕೆಂಬ ಭಯ ಬೇಡ. ದೋಷ ಮಧ್ಯಮ ಪ್ರಮಾಣದ್ದಾಗಿದ್ದರೆ ಏಳು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಎರಡು ತಾಸಿನ ಪಟ್ಟಿ ಆರು ತಾಸಿನಷ್ಟೇ ಫಲ ಕೊಡುತ್ತದೆಂದು ಅಮೆರಿಕದ ಮಕ್ಕಳ ನೇತ್ರತಜ್ಞರ ತಂಡವೊಂದು 2003ರಲ್ಲಿ ತೋರಿಸಿತು. ಅದೇ ತಂಡ 2005ರಲ್ಲಿ ಇನ್ನೊಂದು ಆಶಾದಾಯಕ ಸಂಗತಿಯನ್ನೂ ತಿಳಿಸಿತು: ಏಳು ದಾಟಿದ ಮಕ್ಕಳಲ್ಲೂ, ಹಿಂದೆ ಚಿಕಿತ್ಸೆಯನ್ನೇ ಪಡೆಯದ ಕೆಲವು ಹದಿಹರೆಯದವರಲ್ಲೂ ಸುಧಾರಣೆ ಸಾಧ್ಯ. ಆದರೆ ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಶಸ್ತ್ರಚಿಕಿತ್ಸೆ ಕಣ್ಣನ್ನು ನೇರ ಮಾಡುತ್ತದೆ. ಸೋಮಾರಿ ಕಣ್ಣಿನ ದೃಷ್ಟಿಯನ್ನು ಅದು ಹೆಚ್ಚಿಸುವುದಿಲ್ಲ. ಆದ್ದರಿಂದಲೇ ಸಾಮಾನ್ಯವಾಗಿ ಮೊದಲು ಪಟ್ಟಿ, ಆಮೇಲೆ ಕತ್ತರಿ.

ಆಪರೇಷನ್ ಹೇಗೆ ನಡೆಯುತ್ತದೆ?

ಕಣ್ಣುಗುಡ್ಡೆಯನ್ನು ಹೊರತೆಗೆದು ಸರಿಮಾಡಿ ಮತ್ತೆ ಇಡುತ್ತಾರೆ ಎಂಬ ಸುದ್ದಿ ಹಲವರ ಬಾಯಲ್ಲಿದೆ. ಇದು ಶುದ್ಧ ಸುಳ್ಳು. ಗುಡ್ಡೆ ಇದ್ದಲ್ಲೇ ಇರುತ್ತದೆ. ಅದರ ಒಳಭಾಗವನ್ನೂ ತೆರೆಯುವುದಿಲ್ಲ.

ಮಕ್ಕಳಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಬಿಳಿಭಾಗವನ್ನು ಹೊದೆದಿರುವ ತೆಳು ಪೊರೆಯಲ್ಲಿ ಚಿಕ್ಕ ಸೀಳು ಮಾಡಿ ಸ್ನಾಯುವನ್ನು ಹುಡುಕಿ ಹಿಡಿಯುತ್ತಾರೆ. ಹೆಚ್ಚು ಎಳೆಯುವ ಸ್ನಾಯುವಾದರೆ ಅದನ್ನು ಬಿಡಿಸಿ ಸ್ವಲ್ಪ ಹಿಂದೆ ಹೊಲಿಯುತ್ತಾರೆ, ಹಗ್ಗ ಸಡಿಲವಾಗುತ್ತದೆ. ಎಳೆತ ಸಾಲದ ಸ್ನಾಯುವಾದರೆ ಒಂದಿಷ್ಟು ಭಾಗ ತೆಗೆದು ಮೊದಲಿನ ಜಾಗಕ್ಕೇ ಹೊಲಿಯುತ್ತಾರೆ, ಹಗ್ಗ ಬಿಗಿಯಾಗುತ್ತದೆ. ಎಲ್ಲವೂ ಮಿಲಿಮೀಟರ್ ಲೆಕ್ಕ. ಒಳಕ್ಕೆ ವಾಲಿದ ಕಣ್ಣುಗಳಲ್ಲಿ ಒಳಸ್ನಾಯುಗಳನ್ನು ಸಾಮಾನ್ಯವಾಗಿ 3ರಿಂದ 6 ಮಿ.ಮೀ. ಹಿಂದಕ್ಕೆ ಸರಿಸುತ್ತಾರೆ. ಸ್ನಾಯು ಅಂಟಿಕೊಳ್ಳುವ ಜಾಗದ ಹಿಂದೆ ಗುಡ್ಡೆಯ ಗೋಡೆ ಕೇವಲ 0.3 ಮಿ.ಮೀ.ನಷ್ಟು ತೆಳು. ಆ ದಪ್ಪದೊಳಗೇ ಸೂಜಿ ಹಾಯಬೇಕು, ಆರಪಾರ ಹೋಗಬಾರದು. ಸ್ನಾಯುವನ್ನು ಎಳೆದಾಗ ನರಗಳ ನಂಟಿನಿಂದಾಗಿ ಹೃದಯದ ಬಡಿತ ನಿಧಾನವಾಗುವುದುಂಟು. ಆದ್ದರಿಂದ ಅರಿವಳಿಕೆ ತಜ್ಞರು ಕಣ್ಣಿಟ್ಟು ಕಾಯುತ್ತಿರುತ್ತಾರೆ. ಎಳೆತ ಬಿಟ್ಟರೆ ಬಡಿತ ಸರಿಹೋಗುತ್ತದೆ.

'ಚೆನ್ನಾಗಿರುವ ಕಣ್ಣಿಗೂ ಏಕೆ ಆಪರೇಷನ್?' ಎಂದು ಪೋಷಕರು ಬೆಚ್ಚುವುದುಂಟು. ಜೋಡೆತ್ತಿನ ಮಾತನ್ನು ನೆನೆದರೆ ಉತ್ತರ ಸಿಗುತ್ತದೆ. ನೊಗ ಸಮನಾಗಬೇಕಾದರೆ ಕೆಲವೊಮ್ಮೆ ಎರಡೂ ಕಡೆಯ ಹಗ್ಗಗಳನ್ನು ಹೊಂದಿಸಬೇಕಾಗುತ್ತದೆ.

ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. ಹೊಲಿಗೆಗಳು ತಾವಾಗಿ ಕರಗುತ್ತವೆ. ಕಣ್ಣು ಕೆಲವು ವಾರ ಕೆಂಪಾಗಿರುತ್ತದೆ. ವೈದ್ಯರು ಹೇಳಿದಷ್ಟು ದಿನ ಹನಿ ಔಷಧ ಹಾಕಬೇಕು, ಈಜು, ಮಣ್ಣಾಟ ಬಿಡಬೇಕು. ಸುಮಾರು ವಾರದಲ್ಲಿ ಮಗು ಶಾಲೆಗೆ ಹೋಗಬಹುದು. ಸೋಂಕು, ದೃಷ್ಟಿಗೆ ಹಾನಿ ಇವು ಅಪರೂಪ. ಆದರೆ ಒಂದೇ ಸಲಕ್ಕೆ ಎಲ್ಲರಿಗೂ ಪೂರ್ತಿ ಸರಿಹೋಗುತ್ತದೆಂಬ ಭರವಸೆ ಇಲ್ಲ. ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆಪರೇಷನ್ ಆದ ಮೇಲೂ ಕನ್ನಡಕ, ಪಟ್ಟಿ ಮುಂದುವರಿಯಬಹುದು.

ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟು ಕೆಲಕಾಲ ಸಡಿಲಗೊಳಿಸುವ ಉಪಾಯವೂ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಡಾ. ಅಲನ್ ಸ್ಕಾಟ್ ರೂಪಿಸಿದ ಈ ಔಷಧಕ್ಕೆ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಸಿನಿಮಾ ತಾರೆಯರ ಮುಖದ ಸುಕ್ಕು ನೀಗಿಸಲು ಹೆಸರಾದ ಬೊಟಾಕ್ಸ್ ಮೊದಲು ಹುಟ್ಟಿದ್ದು ಮೆಳ್ಳೆಗಣ್ಣಿಗಾಗಿ!

ಕುತ್ತಿಗೆ ವಾಲಿಸುವ ಮಕ್ಕಳು

ಕಣ್ಣಿನ ಚಲನೆಯ ತೊಂದರೆ ಕೆಲವೊಮ್ಮೆ ಕುತ್ತಿಗೆಯಲ್ಲಿ ಕಾಣಿಸುತ್ತದೆ. ಓರೆ ಸ್ನಾಯುವಿನ ನರ ದುರ್ಬಲವಾದ ಮಗು ಎರಡೆರಡು ಕಾಣದಂತೆ ತಲೆಯನ್ನು ಒಂದು ಭುಜದತ್ತ ವಾಲಿಸಿಕೊಂಡಿರುತ್ತದೆ. 'ನೆಟ್ಟಗೆ ಕೂತುಕೋ' ಎಂದು ಗದರಿದರೆ ಪ್ರಯೋಜನವಿಲ್ಲ, ಮೂಲ ಕಣ್ಣಿನಲ್ಲಿದೆ. ಇನ್ನು ಕೆಲವು ಮಕ್ಕಳ ಕಣ್ಣುಗುಡ್ಡೆಗಳು ಸದಾ ತೂಗಾಡುತ್ತಿರುತ್ತವೆ. ಯಾವುದೋ ಒಂದು ಪಕ್ಕಕ್ಕೆ ನೋಡಿದಾಗ ಆ ತೂಗಾಟ ಕಡಿಮೆಯಾಗುವುದರಿಂದ ಅವರು ಮುಖ ಓರೆಮಾಡಿ ಓದುತ್ತಾರೆ. ಆ ಶಾಂತ ಬಿಂದುವನ್ನು ನೇರಕ್ಕೆ ತರುವಂತೆ ಸ್ನಾಯುಗಳನ್ನು ಸರಿಸುವ ಶಸ್ತ್ರಚಿಕಿತ್ಸೆಯನ್ನು ಇಬ್ಬರು ವೈದ್ಯರು, ಆಂಡರ್ಸನ್ ಮತ್ತು ಕೆಸ್ಟೆನ್‌ಬಾಮ್, 1953ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದರು. ತೂಗಾಟ ಪೂರ್ತಿ ನಿಲ್ಲದಿದ್ದರೂ ಕುತ್ತಿಗೆ ನೆಟ್ಟಗಾಗುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ದಿನಕ್ಕೆ ನಾಲ್ಕು ತಾಸಿಗೂ ಹೆಚ್ಚು ಕಾಲ ಮೊಬೈಲನ್ನು ಹತ್ತಿರ ಹಿಡಿದು ನೋಡುತ್ತಿದ್ದ ಕೆಲವು ಮಕ್ಕಳಲ್ಲಿ ಕಣ್ಣು ಒಳಕ್ಕೆ ವಾಲಿದ್ದನ್ನು ದಕ್ಷಿಣ ಕೊರಿಯಾದ ವೈದ್ಯರು 2016ರಲ್ಲಿ ವರದಿ ಮಾಡಿದರು. ಬಳಕೆ ತಗ್ಗಿಸಿದಾಗ ವಾಲುವಿಕೆಯೂ ತಗ್ಗಿತು. ದೂರದ ಬೋರ್ಡು ಎರಡಾಗಿ ಕಂಡರೆ ಮುಚ್ಚಿಡಬೇಡಿ.

ಮನೆಯಲ್ಲೇ ಗಮನಿಸಿ

- ಹುಟ್ಟಿದ ಮೊದಲ ಮೂರು-ನಾಲ್ಕು ತಿಂಗಳು ಕೂಸಿನ ಕಣ್ಣು ಆಗೊಮ್ಮೆ ಈಗೊಮ್ಮೆ ಅಲೆಯುವುದು ಸಹಜ. ಆಮೇಲೂ ಮುಂದುವರಿದರೆ ತೋರಿಸಿ.
- ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಅತ್ತು ಕೈ ತಳ್ಳಿದರೆ ಇನ್ನೊಂದು ಕಣ್ಣಿನ ದೃಷ್ಟಿ ಮಂದವಿರಬಹುದು.
- ಬಿಸಿಲಿಗೆ ಬಂದಾಗ ಒಂದೇ ಕಣ್ಣು ಮುಚ್ಚಿಕೊಳ್ಳುವುದು, ತಲೆ ವಾಲಿಸಿ ನೋಡುವುದು ಸೂಚನೆಗಳು.
- ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ, ಅಥವಾ ಫೋಟೋದಲ್ಲಿ ಒಂದು ಕಣ್ಣು ಬಿಳಿಯಾಗಿ ಕಂಡರೆ, ಒಂದು ದಿನವೂ ತಡಮಾಡಬೇಡಿ. ಕಣ್ಣಿನೊಳಗಿನ ಕ್ಯಾನ್ಸರ್ ಹಾಗೂ ಪೊರೆ ಹೀಗೆ ಕಾಣಿಸಿಕೊಳ್ಳುತ್ತವೆ. ಕ್ಯಾನ್ಸರಿನ ಮೊದಲ ಚಿಹ್ನೆ ಕೆಲವೊಮ್ಮೆ ಬರೀ ಮೆಳ್ಳೆಯಾಗಿರುತ್ತದೆ.

ಮೂಗಿನ ಸೇತುವೆ ಅಗಲವಿರುವ ಕೂಸುಗಳ ಕಣ್ಣು ನೇರವಿದ್ದರೂ ವಾಲಿದಂತೆ ಕಾಣುವುದುಂಟು. ಅದು ನಿಜವೋ ಭ್ರಮೆಯೋ ಎಂದು ತೀರ್ಮಾನಿಸಬೇಕಾದವರು ವೈದ್ಯರು, ನೆರೆಹೊರೆಯವರಲ್ಲ.

ಹಣದ ಚಿಂತೆ ಅಡ್ಡಬರಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆಗೆ ವೈದ್ಯರ ತಂಡಗಳು ಬರುತ್ತವೆ. ಅವರಿಗೆ ಮಗುವಿನ ಕಣ್ಣನ್ನು ತೋರಿಸಿ. ಬೆಂಗಳೂರಿನ ಮಿಂಟೊ ಆಸ್ಪತ್ರೆ ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗಗಳಲ್ಲೂ ತೋರಿಸಬಹುದು.

ವಯಸ್ಸು ಮೀರಿತೆಂದು ದೊಡ್ಡವರೂ ಕೈಚೆಲ್ಲಬೇಕಾಗಿಲ್ಲ. ಯಾವ ವಯಸ್ಸಿನಲ್ಲೂ ಕಣ್ಣನ್ನು ನೇರ ಮಾಡಬಹುದು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಧೈರ್ಯ ಮರಳಿ ಬರುವುದೂ ಚಿಕ್ಕ ಲಾಭವಲ್ಲ. ಆದರೆ ಮಗುವಿಗೆ ಸಿಗಬಹುದಾದದ್ದು ಅದಕ್ಕಿಂತ ದೊಡ್ಡದು: ಎರಡೂ ಕಣ್ಣುಗಳ ದೃಷ್ಟಿ. ಆ ಅವಕಾಶಕ್ಕೆ ಗಡುವು ಇದೆ. ಐದನೆಯ ಹುಟ್ಟುಹಬ್ಬದವರೆಗೂ ಕಾಯದೆ, ಅನುಮಾನ ಬಂದ ವಾರವೇ ಮಗುವನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ಯಿರಿ.