ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ...

ಎಡಗಾಲಿಗೆ ಕ್ಲಚ್ಚಿನ ಕಾಟವಿಲ್ಲ, ಸಿಗ್ನಲ್ಲಿಗೊಮ್ಮೆ ಗೇರ್ ಬದಲಿಸುವ ರಗಳೆ ಇಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಅತ್ತೆಯನ್ನು ಡಾಕ್ಟರ್ ಹತ್ರ ಕರೆದೊಯ್ಯುವ ಗೃಹಿಣಿಗೆ ಆಟೊಮ್ಯಾಟಿಕ್ ಕಾರು ಆಪ್ತ ಗೆಳತಿಯೇ ಸರಿ. ಆದರೆ ಈ ಗೆಳತಿ ಮುನಿಸಿಕೊಂಡರೆ? 'ಡಿ'ಗೆ ಹಾಕಿದರೂ ತಡೆದು ಹೊರಡುವುದು, ಗೇರ್ ಬದಲಾಗುವಾಗ ಜಗ್ಗುವುದು, ಎಂಜಿನ್ ಕೂಗಿದರೂ ವೇಗ ಏರದಿರುವುದು... ಗ್ಯಾರೇಜಿಗೆ ಒಯ್ದರೆ 'ಮೇಡಂ, ಗೇರ್‌ಬಾಕ್ಸ್ ಪೂರ್ತಿ ಇಳಿಸ್ಬೇಕು' ಅಂತಾರೆ. ಬಿಲ್ಲು ಲಕ್ಷ ದಾಟಲೂಬಹುದು!

'ಈ ಮೆಕ್ಯಾನಿಕ್ ವಿಷಯ ನಮಗ್ಯಾಕೆ?' ಅನ್ನಬೇಡಿ. ಸರಿಯಾದ ಓವರ್‌ಹಾಲ್‌ನಲ್ಲಿ ಏನೇನು ಇರಬೇಕೆಂದು ತಿಳಿದಿದ್ದರೆ, ಅರೆಬರೆ ಕೆಲಸಕ್ಕೆ ಪೂರ್ತಿ ದುಡ್ಡು ತೆರುವುದು ತಪ್ಪುತ್ತದೆ.

ನಿಮ್ಮದು ಯಾವ ಬಗೆ?

ಆಟೊಮ್ಯಾಟಿಕ್ ಎಲ್ಲವೂ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ಬಂದ ಎಎಂಟಿಯಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ಸಿವಿಟಿ, ಡ್ಯುಯಲ್ ಕ್ಲಚ್‌ಗಳ ರಿಪೇರಿಯೂ ಬೇರೆ. ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್ ಬಗ್ಗೆ. ಇದರಲ್ಲಿ ಗೇರ್ ಬದಲಾಗುವುದು ಆಯಿಲ್‌ನ ಒತ್ತಡದಿಂದ.

ಇಳಿಸುವ ಮೊದಲು

ಸ್ಕ್ಯಾನರ್ ಹಾಕಿ ಕೋಡ್ ಓದಬೇಕು, ಆಯಿಲ್ ಮಟ್ಟ ನೋಡಬೇಕು, ಒತ್ತಡ ಅಳೆಯಬೇಕು, ಕಾರು ಓಡಿಸಿ ಪರೀಕ್ಷಿಸಬೇಕು. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ಆದರೆ ಕೆಲವು ಸಲ ಕೆಟ್ಟಿರುವುದು ಒಂದು ಸೊಲೆನಾಯ್ಡ್ ಅಥವಾ ವೈರ್ ಮಾತ್ರ. ಅನೇಕ ಕಾರುಗಳಲ್ಲಿ ಇದನ್ನು ಗೇರ್‌ಬಾಕ್ಸ್ ಇಳಿಸದೆಯೇ ಸರಿಪಡಿಸಬಹುದು.

ಬಿಚ್ಚಿದ ಮೇಲೆ

ಪ್ರೆಷರ್ ಕುಕ್ಕರ್‌ನ ಗ್ಯಾಸ್ಕೆಟ್ ಗಟ್ಟಿಯಾದರೆ ಏನಾಗುತ್ತೆ? ಹಬೆ ಸೋರುತ್ತೆ, ಬೇಳೆ ಬೇಯಲ್ಲ. ಇಲ್ಲೂ ಅಷ್ಟೇ. ರಬ್ಬರ್ ಸೀಲ್ ಗಟ್ಟಿಯಾದರೆ ಒತ್ತಡ ಇಳಿದು ಪ್ಲೇಟ್ ಜಾರುತ್ತದೆ. ಹಾಗಾಗಿ ಸೀಲ್, ಓ-ರಿಂಗ್, ಕ್ಲಚ್ಚಿನ ಫ್ರಿಕ್ಷನ್ ಪ್ಲೇಟ್, ಫಿಲ್ಟರ್ ಇವನ್ನು ಚೆನ್ನಾಗಿ ಕಂಡರೂ ಹೊಸದಾಗಿಯೇ ಹಾಕಬೇಕು. ಸುಟ್ಟ ಸ್ಟೀಲ್ ಪ್ಲೇಟ್, ಸವೆದ ಬುಷ್‌ಗಳನ್ನೂ ಬದಲಿಸಬೇಕು. ಆಯಿಲ್‌ಗೆ ದಾರಿ ತೋರುವ ವಾಲ್ವ್ ಬಾಡಿಯನ್ನು ಬರೀ ತೊಳೆದರೆ ಸಾಲದು, ಸೋರಿಕೆ ಇದೆಯೇ ಎಂದು ಪರೀಕ್ಷಿಸಬೇಕು.

ಹಣ ಉಳಿಸಲು ಬಿಟ್ಟುಬಿಡುವುದು ಹೆಚ್ಚಾಗಿ ಎರಡನ್ನು: ಟಾರ್ಕ್ ಕನ್ವರ್ಟರ್ ಮತ್ತು ಆಯಿಲ್ ಕೂಲರ್. ಕನ್ವರ್ಟರ್ ಬೆಸುಗೆ ಹಾಕಿ ಮುಚ್ಚಿದ ಡಬ್ಬಿಯಂಥದ್ದು. ಒಳಗಿನ ಲೋಹದ ಪುಡಿ ಸುಲಭಕ್ಕೆ ಹೊರಬಾರದು. ಅದನ್ನು ಕತ್ತರಿಸಿ ದುರಸ್ತಿ ಮಾಡಬೇಕು, ಇಲ್ಲವೇ ಬದಲಿಸಬೇಕು. ಕೂಲರನ್ನೂ ತೊಳೆಯಬೇಕು ಅಥವಾ ಹೊಸದು ಹಾಕಬೇಕು. ಇಲ್ಲದಿದ್ದರೆ ಹಳೆಯ ಕೊಳೆ ಹೊಸ ಪ್ಲೇಟ್‌ಗಳಿಗೆ ಸೇರಿ, ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ!

ಜೋಡಿಸುವಾಗ

ಕೆಲಸದ ಜಾಗ ಧೂಳಿಲ್ಲದೆ ಶುಭ್ರವಾಗಿರಬೇಕು. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಮೊದಲು ಆಯಿಲ್‌ನಲ್ಲಿ ನೆನೆಸಬೇಕು. ಪ್ಲೇಟ್‌ಗಳ ನಡುವಿನ ಸಂದನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯಬೇಕು. ಕಾರಿನ ಕೈಪಿಡಿಯಲ್ಲಿ ಹೇಳಿದ ಆಯಿಲನ್ನೇ ತುಂಬಿ, ನಿಗದಿತ ಬಿಸಿಯಲ್ಲಿ ಮಟ್ಟ ನೋಡಬೇಕು. ಗೇರ್‌ಬಾಕ್ಸಿನ ಕಂಪ್ಯೂಟರ್ ಹಳೆಯ ಸವೆದ ಪ್ಲೇಟ್‌ಗಳಿಗೆ ಒಗ್ಗಿಕೊಂಡಿರುತ್ತದೆ. ಸ್ಕ್ಯಾನರ್‌ನಿಂದ ಅದನ್ನು ರೀಸೆಟ್ ಮಾಡಿ, ಕಾರು ಓಡಿಸಿ ನೋಡಬೇಕು.

ನೀವು ಕೇಳಬೇಕಾದ್ದು

* ಇಳಿಸಲೇಬೇಕು ಅನ್ನೋದಕ್ಕೆ ಕಾರಣವೇನು? ಸ್ಕ್ಯಾನ್ ವರದಿ ತೋರಿಸಿ.
* ಕನ್ವರ್ಟರ್, ಕೂಲರ್ ಈ ಲೆಕ್ಕದಲ್ಲಿ ಸೇರಿವೆಯೇ?
* ಯಾವ ಬಿಡಿಭಾಗಕ್ಕೆ ಎಷ್ಟು, ಕೂಲಿ ಎಷ್ಟು? ಬರೆದುಕೊಡಿ.
* ಹಳೆಯ ಭಾಗಗಳನ್ನು ತೆಗೆದಿಟ್ಟಿರಿ, ನೋಡಬೇಕು.
* ಗ್ಯಾರಂಟಿ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್?

ಕೇಳಲು ಸಂಕೋಚ ಬೇಡ. ಉತ್ತರಿಸಲು ಹಿಂದೆಮುಂದೆ ನೋಡುವ ಗ್ಯಾರೇಜಿನಿಂದ ಕಾರನ್ನು ವಾಪಸ್ ತನ್ನಿ. ಹಾಂ, ಇಷ್ಟು ದೂರ ಹೋಗುವುದೇ ಬೇಡವೆಂದರೆ ಆಯಿಲ್ ಬದಲಿಸುವ ಗಡುವನ್ನು ಕೈಪಿಡಿಯಲ್ಲಿ ಇಂದೇ ನೋಡಿ. ಕಾರು ಪೂರ್ತಿ ನಿಂತ ಮೇಲಷ್ಟೇ 'ಡಿ'ಯಿಂದ 'ಆರ್'ಗೆ ಹಾಕಿ.